ಚರ್ಚಿನಿಂದ ಪಾರ್ಲಿಮೆಂಟಿಗೆ: ಟಾಮಿ ಡಗ್ಲಸ್ ಬಗ್ಗೆ ತುಮಕೂರಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುವ ನನಗೆ ಒಂದು ಚಟ ಇದೆ. ಆರೋಗ್ಯ ವಿಮೆ ವಿಷಯ ಬಂದರೆ ಸಾಕು, ಕೆನಡಾದ ಟಾಮಿ ಡಗ್ಲಸ್ ಹೆಸರು ಎತ್ತುತ್ತೇನೆ. ಕ್ಲಾಸ್ ಬಿಟ್ಟ ಮೇಲೆ ಕಾರಿಡಾರಿನಲ್ಲಿ, ಬಿ.ಎಚ್. ರಸ್ತೆಯ ಟೀ ಅಂಗಡಿ ಮುಂದೆ, ಆಮೇಲೆ ವಾಟ್ಸಾಪಿನಲ್ಲಿ ಪ್ರಶ್ನೆ ಬರುತ್ತಲೇ ಇರುತ್ತವೆ. ಹೆಚ್ಚುಕಮ್ಮಿ ಅವೇ ಪ್ರಶ್ನೆಗಳು. ಒಂದೇ ಕಡೆ ಉತ್ತರ ಬರೆದಿಟ್ಟರೆ ಎಲ್ಲರಿಗೂ ಅನುಕೂಲ ಅಲ್ವಾ?

ಸರ್, ಯಾರಿವರು? ಕೆನಡಾದ ಪ್ರಧಾನಿನಾ?

ಅಲ್ಲ. ಪ್ರಧಾನಿ ಆಗಲೇ ಇಲ್ಲ. ಮೊದಲು ಬ್ಯಾಪ್ಟಿಸ್ಟ್ ಅನ್ನುವ ಕ್ರೈಸ್ತ ಪಂಗಡದ ಪಾದ್ರಿ. ಆಮೇಲೆ ರಾಜಧಾನಿ ಒಟ್ಟಾವಾದಲ್ಲಿ ಸಂಸದ. 1944ರಿಂದ 1961ರವರೆಗೆ ಸಸ್ಕ್ಯಾಚುವಾನ್ ಪ್ರಾಂತ್ಯದ ಪ್ರೀಮಿಯರ್, ಅಂದರೆ ನಮ್ಮ ಲೆಕ್ಕದಲ್ಲಿ ಮುಖ್ಯಮಂತ್ರಿ. 1961ರಿಂದ 1971ರವರೆಗೆ ನ್ಯೂ ಡೆಮಾಕ್ರಟಿಕ್ ಪಾರ್ಟಿಯ ರಾಷ್ಟ್ರೀಯ ನಾಯಕ. ಈ ಪಕ್ಷವನ್ನು ಎನ್‌ಡಿಪಿ ಅಂತಾರೆ. ಕೆನಡಾದಲ್ಲಿ ಆಸ್ಪತ್ರೆಗೆ ಹೋದವರು ಕೌಂಟರಿನಲ್ಲಿ ಬಿಲ್ ಕಟ್ಟದೆ ಮನೆಗೆ ಬರ್ತಾರಲ್ಲ, ಆ ವ್ಯವಸ್ಥೆ ಶುರುವಾಗಿದ್ದು ಇವರ ಪ್ರಾಂತ್ಯದಲ್ಲಿ. 2004ರಲ್ಲಿ ಅಲ್ಲಿನ ಸರ್ಕಾರಿ ಟಿವಿ ಸಿಬಿಸಿ ಜನರಿಂದ ವೋಟು ಹಾಕಿಸಿ 'ಅತಿ ಶ್ರೇಷ್ಠ ಕೆನಡಿಯನ್' ಯಾರು ಅಂತ ಕೇಳಿತು. ಗೆದ್ದಿದ್ದು ಇವರೇ.

ಸಸ್ಕ್ಯಾಚುವಾನ್ ಎಷ್ಟು ದೊಡ್ಡದು?

ಜಾಗದಲ್ಲಿ ಕರ್ನಾಟಕದ ಮೂರು ಪಟ್ಟಿಗಿಂತ ಜಾಸ್ತಿ. ಜನ ಮಾತ್ರ ಇವರು ಪ್ರೀಮಿಯರ್ ಆದಾಗ 9 ಲಕ್ಷವೂ ಇರಲಿಲ್ಲ. 2011ರ ಜನಗಣತಿಯಲ್ಲಿ ನಮ್ಮ ತುಮಕೂರು ಜಿಲ್ಲೆಯೊಂದರಲ್ಲೇ 26 ಲಕ್ಷ ದಾಟಿದ್ದರು. ಗೋಧಿ ಬೆಳೆಯುವ ಬಯಲು ನಾಡು ಅದು. ಊರಿಂದ ಊರಿಗೆ ದೂರ ಜಾಸ್ತಿ, ಡಾಕ್ಟರು ಕಡಿಮೆ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಕಾಲಿನ ಕಥೆ ಹೇಳಿದ್ರಲ್ಲ, ಇನ್ನೊಂದ್ಸಲ ಹೇಳ್ತೀರಾ?

ಜಾಸ್ತಿ ಜನ ಕೇಳುವುದು ಇದನ್ನೇ.

ಡಗ್ಲಸ್ ಹುಟ್ಟಿದ್ದು 1904ರಲ್ಲಿ, ಸ್ಕಾಟ್ಲೆಂಡಿನ ಫಾಲ್ಕರ್ಕ್ ಊರಿನಲ್ಲಿ. ಅಪ್ಪ ಕಬ್ಬಿಣ ಎರಕ ಹೊಯ್ಯುವ ಕೆಲಸದವರು. ಚಿಕ್ಕ ಹುಡುಗನಾಗಿದ್ದಾಗ ಬಿದ್ದು ಮೊಣಕಾಲಿಗೆ ಪೆಟ್ಟಾಯಿತು. ಗಾಯ ಮೂಳೆಗೆ ಇಳಿದು ಕೀವು ಕಟ್ಟಿತು. ಆಪರೇಷನ್ ಮೇಲೆ ಆಪರೇಷನ್ ಆದರೂ ವಾಸಿಯಾಗಲಿಲ್ಲ. ಅಷ್ಟರಲ್ಲಿ ಕುಟುಂಬ ಕೆನಡಾದ ವಿನ್ನಿಪೆಗ್‌ಗೆ ವಲಸೆ ಹೋಯಿತು. ಅಲ್ಲಿ ನೋವು ಮತ್ತೆ ಕೆರಳಿತು. ದೊಡ್ಡ ಡಾಕ್ಟರಿಗೆ ತೋರಿಸಲು ಮನೆಯಲ್ಲಿ ಕಾಸಿಲ್ಲ. ಧರ್ಮಾರ್ಥ ವಾರ್ಡಿನಲ್ಲಿ ಮಲಗಿಸಿದರು. ಕಾಲು ಕತ್ತರಿಸುವುದೇ ದಾರಿ ಅಂತ ಹೇಳಿಬಿಟ್ಟರು.

ಆಗ ಒಬ್ಬ ಹೆಸರಾಂತ ಮೂಳೆ ಡಾಕ್ಟರು ತಮ್ಮ ವಿದ್ಯಾರ್ಥಿಗಳ ಜೊತೆ ರೌಂಡ್ಸ್ ಬಂದರು. ಹುಡುಗನ ಕೇಸು ಅವರಿಗೆ ಕುತೂಹಲ ಹುಟ್ಟಿಸಿತು. ವಿದ್ಯಾರ್ಥಿಗಳು ನಿಂತು ನೋಡಲು ಅಪ್ಪ ಅಮ್ಮ ಒಪ್ಪುವುದಾದರೆ ಪುಕ್ಕಟೆ ಆಪರೇಷನ್ ಮಾಡುತ್ತೇನೆ ಅಂದರು. ಒಪ್ಪಿದರು. ಕಾಲು ಉಳಿಯಿತು.

ಡಗ್ಲಸ್ ಈ ಕಥೆಯನ್ನು ಜೀವನಪೂರ್ತಿ ಹೇಳಿದರು. ಡಾಕ್ಟರ ಮೇಲೆ ಅವರಿಗೆ ಅಪಾರ ಕೃತಜ್ಞತೆ ಇತ್ತು. ಆದರೆ ಕಥೆಯಿಂದ ಅವರು ತೆಗೆದ ಅರ್ಥ ಬೇರೆ. ಪುಣ್ಯಾತ್ಮರೊಬ್ಬರು ಆ ದಿನ ಆ ವಾರ್ಡಿಗೆ ಬಂದರು, ನನ್ನ ಕಾಲು ಉಳಿಯಿತು, ಬರದಿದ್ದರೆ? ಒಂದು ಮಗುವಿನ ಕಾಲು ಅದೃಷ್ಟದ ಮೇಲೆ ನಿಲ್ಲಬಾರದು ಅಂತ ಅವರ ವಾದ. ನಮ್ಮಲ್ಲಿ ಈಗಲೂ ಆಪರೇಷನ್ ಖರ್ಚಿಗೆ ಫೋನ್‌ಪೇ ನಂಬರ್ ಹಾಕಿ ವಾಟ್ಸಾಪಿನಲ್ಲಿ ಮನವಿ ಹಂಚುತ್ತಾರಲ್ಲ, ಅದನ್ನು ನೋಡಿದಾಗಲೆಲ್ಲ ನನಗೆ ಆ ವಾರ್ಡು ನೆನಪಾಗುತ್ತೆ.

ಅದೇ ಕಾಲಿನ ಇನ್ನೊಂದು ಕಥೆ. ಎರಡನೇ ಮಹಾಯುದ್ಧದಲ್ಲಿ ಅವರು ಸೈನ್ಯದ ವಿನ್ನಿಪೆಗ್ ಗ್ರೆನೇಡಿಯರ್ಸ್ ತುಕಡಿಗೆ ಹೋಗಲು ಹೊರಟಿದ್ದರು. ಹೊರದೇಶದ ಯುದ್ಧಕ್ಕೆ ಕಳಿಸುವ ಮುಂಚೆ ಕಾಲು ನೋಡಿ ತಡೆದರು. ಆ ತುಕಡಿ 1941ರಲ್ಲಿ ಹಾಂಗ್‌ಕಾಂಗ್‌ಗೆ ಹೋಯಿತು. ಬಹಳ ಜನ ಸತ್ತರು, ಉಳಿದವರು ಜಪಾನಿಯರ ಕೈಗೆ ಸೆರೆಸಿಕ್ಕರು.

ಪಾದ್ರಿ ಆಗೋ ಮುಂಚೆ ಏನ್ ಮಾಡ್ತಿದ್ರು?

ಪ್ರೆಸ್ಸಿನಲ್ಲಿ ಅಚ್ಚು ಜೋಡಿಸುವ ಕೆಲಸ. ಜೊತೆಗೆ ಬಾಕ್ಸಿಂಗ್. ಅದೇ ಕಾಲಿಟ್ಟುಕೊಂಡು 1922ರಲ್ಲಿ ಮ್ಯಾನಿಟೋಬಾ ಪ್ರಾಂತ್ಯದ ಲೈಟ್‌ವೇಟ್ ಚಾಂಪಿಯನ್ ಆದರು. 1919ರ ಜೂನ್ 21ರಂದು ವಿನ್ನಿಪೆಗ್ ಕಾರ್ಮಿಕರ ಮುಷ್ಕರದ ಮೇಲೆ ಪೊಲೀಸರು ಗುಂಡು ಹಾರಿಸಿದಾಗ ಅವರಿಗೆ 14 ವರ್ಷ. ಮುಖ್ಯ ಬೀದಿಯ ಒಂದು ಕಟ್ಟಡದ ಮಾಳಿಗೆ ಹತ್ತಿ ಕಣ್ಣಾರೆ ನೋಡಿದರು. ಆಮೇಲೆ ಬ್ರಾಂಡನ್ ಕಾಲೇಜಿನಲ್ಲಿ ಓದಿ, 1930ರಲ್ಲಿ ದೀಕ್ಷೆ ಪಡೆದು, ಸಸ್ಕ್ಯಾಚುವಾನ್‌ನ ವೇಬರ್ನ್ ಅನ್ನುವ ಸಣ್ಣ ಊರಿನ ಕ್ಯಾಲ್ವರಿ ಬ್ಯಾಪ್ಟಿಸ್ಟ್ ಚರ್ಚಿಗೆ ಪಾದ್ರಿಯಾಗಿ ಹೋದರು. ಆಗಷ್ಟೇ ಮದುವೆಯಾಗಿತ್ತು. ಹೆಂಡತಿ ಇರ್ಮಾ.

ದೇವರ ಕೆಲಸ ಬಿಟ್ಟು ರಾಜಕೀಯಕ್ಕೆ ಯಾಕೆ ಬಂದ್ರು?

ದೇವರ ಕೆಲಸ ಬಿಟ್ಟೆ ಅಂತ ಅವರಿಗೆ ಅನಿಸಲೇ ಇಲ್ಲ. ಅದು ಮೊದಲ ಮಾತು.

ವೇಬರ್ನ್‌ಗೆ ಹೋದ ಹೊತ್ತು ಎಂಥದ್ದು ನೋಡಿ. ಜಗತ್ತಿನಾದ್ಯಂತ ಆರ್ಥಿಕ ಕುಸಿತ. ಮೇಲಿಂದ ಬರ. ಮಳೆ ಇಲ್ಲ, ಗಾಳಿಗೆ ಹೊಲದ ಮೇಲ್ಮಣ್ಣೇ ಹಾರಿ ಹೋಗುತ್ತಿತ್ತು. ಬೆಳೆ ಕೈಗೆ ಬಂದವರಿಗೆ ರೇಟು ಇಲ್ಲ. 1932ರಲ್ಲಿ ಒಂದು ಬುಷೆಲ್ ಗೋಧಿಗೆ, ಅಂದರೆ ಸುಮಾರು 27 ಕೆಜಿಗೆ, 40 ಸೆಂಟ್ ಕೂಡ ಸಿಗುತ್ತಿರಲಿಲ್ಲ. ಪಾವಗಡ, ಮಧುಗಿರಿ, ಶಿರಾ ಕಡೆಯ ಹುಡುಗರಿಗೆ ಇದನ್ನು ಬಿಡಿಸಿ ಹೇಳುವ ಕೆಲಸವೇ ಇಲ್ಲ. ಶೇಂಗಾ ಒಣಗಿ ನಿಂತ ಹೊಲವನ್ನು ಮನೆಯಲ್ಲೇ ನೋಡಿದ್ದಾರೆ.

ಯುವ ಪಾದ್ರಿ ಮಾಡಿದ್ದು ಮನೆ ಮನೆ ಸುತ್ತುವ ಕೆಲಸ. ಚರ್ಚಿನ ನೆಲಮಾಳಿಗೆಯಲ್ಲಿ ಹಳೆ ಬಟ್ಟೆ, ದಿನಸಿ ಹಂಚಿದರು. ಪೂರ್ವದ ಪ್ರಾಂತ್ಯಗಳಿಂದ ರೈಲಿನಲ್ಲಿ ನೆರವು ಬರುತ್ತಿತ್ತು. ಅದರಲ್ಲಿ ಉಪ್ಪು ಹಾಕಿ ಒಣಗಿಸಿದ ಮೀನೂ ಇರುತ್ತಿತ್ತು. ಬಯಲು ಸೀಮೆಯ ಜನ ಅದನ್ನು ಹೇಗೆ ಬೇಯಿಸಬೇಕು ಅಂತ ತಿಳಿಯದೆ ತಲೆ ಕೆರೆದುಕೊಂಡರಂತೆ. 1931ರಲ್ಲಿ ಹತ್ತಿರದ ಎಸ್ಟೆವಾನ್‌ನಲ್ಲಿ ಕಲ್ಲಿದ್ದಲು ಗಣಿ ಕಾರ್ಮಿಕರು ಮುಷ್ಕರ ಹೂಡಿದರು, ಪೊಲೀಸರ ಗುಂಡಿಗೆ ಮೂವರು ಸತ್ತರು. ಡಗ್ಲಸ್ ಆ ಕಾರ್ಮಿಕರ ಮನೆಗಳಿಗೆ ಆಹಾರ ಸಾಗಿಸಿದರು. ಭಾನುವಾರದ ಪ್ರಸಂಗದಲ್ಲೂ, ಅಂದರೆ ಚರ್ಚಿನ ಉಪದೇಶದಲ್ಲೂ, ಅವರ ಪರ ಮಾತಾಡಿದರು.

ಹೆಚ್ಚು ಕಾಡಿದ್ದು ಶವಸಂಸ್ಕಾರಗಳು. ಪಕ್ಕದ ಸಣ್ಣ ಊರುಗಳಲ್ಲಿ ಇಬ್ಬರು ಯುವಕರನ್ನು ತಾವೇ ಮಣ್ಣು ಮಾಡಿದ್ದನ್ನು ಅವರು ಮುಂದೆ ನೆನೆಯುತ್ತಿದ್ದರು. ಇಬ್ಬರಿಗೂ ಮೂವತ್ತರ ಆಸುಪಾಸು, ಮನೆಯಲ್ಲಿ ಚಿಕ್ಕ ಮಕ್ಕಳು. ಕೈಗೆಟುಕುವ ದೂರದಲ್ಲಿ ಡಾಕ್ಟರು ಇರಲಿಲ್ಲ, ಅದಕ್ಕೇ ಸತ್ತರು. ಗುಂಡಿಯ ಪಕ್ಕ ನಿಂತು 'ದೇವರ ಚಿತ್ತ' ಅಂತ ಎಷ್ಟು ದಿನ ಹೇಳೋದು? ನನ್ನ ಪ್ರಕಾರ ಅವರ ರಾಜಕೀಯ ಹುಟ್ಟಿದ್ದು ಅಲ್ಲಿ. ಸಿದ್ಧಾಂತದ ಓದು ಆಮೇಲೆ ಬಂತು.

ಅಂದ್ರೆ ಅವರ ಚರ್ಚೇ ಒಂದು ಪಕ್ಷ ಕಟ್ಟಿತಾ?

ಇಲ್ಲ, ಉಲ್ಟಾ. ಪಕ್ಷದ ಹೆಸರು ಕೋ-ಆಪರೇಟಿವ್ ಕಾಮನ್‌ವೆಲ್ತ್ ಫೆಡರೇಷನ್, ಸಿಸಿಎಫ್. ರೈತ ಸಂಘಗಳು, ಕಾರ್ಮಿಕ ಸಂಘಗಳು, ಸಮಾಜವಾದಿಗಳು ಸೇರಿ 1932ರಲ್ಲಿ ಕಟ್ಟಿದ್ದು. 1961ರಲ್ಲಿ ಎನ್‌ಡಿಪಿ ಆಗಿದ್ದು ಇದೇ. ಅದರ ಮೊದಲ ನಾಯಕ ಜೆ.ಎಸ್. ವುಡ್ಸ್‌ವರ್ತ್ ಕೂಡ ಮೊದಲು ಮೆಥಡಿಸ್ಟ್ ಪಾದ್ರಿಯೇ. ಬಡವರ ಬದುಕು ಸುಧಾರಿಸುವುದೂ ಸುವಾರ್ತೆಯ, ಅಂದರೆ ಯೇಸುವಿನ ಬೋಧನೆಯ, ಭಾಗ ಅನ್ನುವ ಚಿಂತನೆ ಆಗ ಅಲ್ಲಿ ಜೋರಾಗಿತ್ತು.

ಡಗ್ಲಸ್ 1934ರಲ್ಲಿ ಪ್ರಾಂತ್ಯದ ಚುನಾವಣೆಗೆ ನಿಂತು ಸೋತರು. 1935ರ ಪಾರ್ಲಿಮೆಂಟ್ ಚುನಾವಣೆಗೆ ನಿಲ್ಲಬೇಕೋ ಬೇಡವೋ ಅಂತ ಯೋಚಿಸುತ್ತಿದ್ದಾಗ ಬ್ಯಾಪ್ಟಿಸ್ಟ್ ಪಂಗಡದ ಮೇಲಧಿಕಾರಿಯೊಬ್ಬರು ಬಂದು, ನಿಂತರೆ ಕೆನಡಾದಲ್ಲಿ ನಿನಗೆ ಇನ್ನೊಂದು ಚರ್ಚು ಸಿಗೋದಿಲ್ಲ ಅಂತ ಗದರಿಸಿದರಂತೆ. ಬಾಕ್ಸರ್ ಅಲ್ವಾ, ಆ ಕ್ಷಣಕ್ಕೇ ನಿಲ್ಲುವ ತೀರ್ಮಾನ ಆಯಿತು ಅಂತ ಅವರೇ ಹೇಳುತ್ತಿದ್ದರು. ಗೆದ್ದರು. ಮುಂದೆ ಚರ್ಚುಗಳಲ್ಲಿ ಆಗಾಗ ಮಾತಾಡಿದರೂ ಪಾದ್ರಿಯ ಕೆಲಸಕ್ಕೆ ಮರಳಲಿಲ್ಲ.

ಬೈಬಲ್ ಹಿಡಿದು ವೋಟು ಕೇಳ್ತಿದ್ರಾ?

ಬೈಬಲಿನ ಮಾತು ಭಾಷಣದಲ್ಲಿ ಬರುತ್ತಿತ್ತು. ನನಗೆ ವೋಟು ಹಾಕಿದರೆ ಸ್ವರ್ಗ ಅನ್ನುವ ಧಾಟಿ ಇರಲಿಲ್ಲ. ಪ್ರಸಂಗಪೀಠದಿಂದ ಅವರು ತಂದಿದ್ದು ಕಥೆ ಹೇಳುವ ಕಲೆ, ಜೊತೆಗೆ ನಗಿಸುವ ಚಾಳಿ. ಒಂದು ಸಲ ಹಳ್ಳಿಯಲ್ಲಿ ವೇದಿಕೆ ಇರಲಿಲ್ಲವಂತೆ. ಹೊಲಕ್ಕೆ ಗೊಬ್ಬರ ಎರಚುವ ಗಾಡಿ ಹತ್ತಿ ನಿಂತರು. ಎದುರು ಪಕ್ಷದ ವೇದಿಕೆ ಮೇಲೆ ನಾನು ಮಾತಾಡ್ತಿರೋದು ಇದೇ ಮೊದಲು ಅಂದರಂತೆ. ಎಷ್ಟು ನಿಜವೋ, ಅವರ ಹೆಸರಿನಲ್ಲಿ ಈ ಕಥೆ ಇವತ್ತಿಗೂ ಓಡಾಡುತ್ತೆ.

ಇಲಿಗಳ ಕಥೆ ಅಂತೂ ಫೇಮಸ್. ಇಲಿಗಳ ರಾಜ್ಯದಲ್ಲಿ ಪ್ರತಿ ಸಲ ಬೆಕ್ಕುಗಳನ್ನೇ ಆರಿಸುತ್ತಾರೆ. ಕರಿ ಬೆಕ್ಕು ಸಾಕಾಯ್ತು ಅಂತ ಬಿಳಿ ಬೆಕ್ಕು, ಬಿಳಿದು ಸಾಕಾಯ್ತು ಅಂತ ಮತ್ತೆ ಕರಿದು. ನಮ್ಮಲ್ಲೇ ಒಬ್ಬರನ್ನು ಯಾಕೆ ಆರಿಸಬಾರದು ಅಂತ ಒಂದು ಇಲಿ ಕೇಳುತ್ತೆ. ಅದನ್ನು ಹಿಡಿದು ಜೈಲಿಗೆ ಹಾಕ್ತಾರೆ. ಕಥೆ ಕಟ್ಟಿದ್ದು ಅವರ ಪಕ್ಷದ ಕ್ಲಾರೆನ್ಸ್ ಗಿಲ್ಲಿಸ್. ಊರೂರಿಗೆ ಮುಟ್ಟಿಸಿದ್ದು ಡಗ್ಲಸ್.

1944ರಲ್ಲಿ ಅಷ್ಟು ದೊಡ್ಡ ಗೆಲುವು ಹೇಗೆ? ಗೆದ್ದು ಏನ್ ಮಾಡಿದ್ರು?

52 ಸೀಟಿನಲ್ಲಿ 47. ಉತ್ತರ ಅಮೆರಿಕದಲ್ಲಿ ಸಮಾಜವಾದಿ ಅಂತ ಹೇಳಿಕೊಂಡ ಮೊದಲ ಸರ್ಕಾರ. ಬರ, ಸಾಲ, ಬ್ಯಾಂಕಿನವರ ಕಾಟ ಎಲ್ಲ ಸೇರಿ ಜನ ಹಳೇ ಪಕ್ಷದಿಂದ ಬೇಸತ್ತಿದ್ದರು.

ಮೊದಲ ವರ್ಷವೇ ರೈತನ ಮನೆಜಾಗ ಸಾಲಕ್ಕೆ ಹರಾಜಾಗದಂತೆ ಕಾನೂನು ತಂದರು. ಸರ್ಕಾರಿ ವಾಹನ ವಿಮೆ, ಸರ್ಕಾರಿ ಬಸ್, ಹಳ್ಳಿಗೆ ಕರೆಂಟು, 1947ರಲ್ಲಿ ನಾಗರಿಕ ಹಕ್ಕುಗಳ ಕಾಯ್ದೆ. ಎಲ್ಲವೂ ಕೈಹಿಡಿಯಲಿಲ್ಲ. ಸರ್ಕಾರವೇ ನಡೆಸಿದ ಶೂ ಫ್ಯಾಕ್ಟರಿ, ಉಣ್ಣೆ ಗಿರಣಿ ಮುಚ್ಚಿಹೋದವು. ಆದರೆ ಹಣಕಾಸು ಸಚಿವ ಕ್ಲಾರೆನ್ಸ್ ಫೈನ್ಸ್ ಕೈ ಬಿಗಿ ಮನುಷ್ಯ. ಸಾಲ ಮಾಡಿ ಬಡ್ಡಿ ಕಟ್ಟುತ್ತಾ ಕೂತರೆ ಬಡವರಿಗೆ ಉಳಿಯೋದೇನು ಅನ್ನುವುದು ಡಗ್ಲಸ್ ನಿಲುವೂ ಆಗಿತ್ತು. ಸಮಾಜವಾದಿ ಅಂದರೆ ಕೈ ಬಿಚ್ಚಿ ಖರ್ಚು ಮಾಡೋರು ಅಂದುಕೊಂಡವರಿಗೆ ಇದು ಆಶ್ಚರ್ಯ.

ಆಸ್ಪತ್ರೆ ಯೋಜನೆ ನಮ್ಮ ಯಶಸ್ವಿನಿ ಥರಾನಾ?

ಒಳ್ಳೆ ಪ್ರಶ್ನೆ. ಹೋಲಿಕೆಯೂ ಇದೆ, ದೊಡ್ಡ ವ್ಯತ್ಯಾಸವೂ ಇದೆ.

ಆರೋಗ್ಯ ಖಾತೆಯನ್ನು ಡಗ್ಲಸ್ ಮೊದಲು ತಾವೇ ಇಟ್ಟುಕೊಂಡರು. 1947ರ ಜನವರಿ 1ರಿಂದ ಆಸ್ಪತ್ರೆ ಯೋಜನೆ ಶುರು. ತಲೆಗೆ ವರ್ಷಕ್ಕೆ 5 ಡಾಲರ್, ಕುಟುಂಬ ಎಷ್ಟೇ ದೊಡ್ಡದಿರಲಿ 30 ಡಾಲರಿಗಿಂತ ಜಾಸ್ತಿ ಇಲ್ಲ. ಬೆಡ್ಡು, ಆಪರೇಷನ್ ಥಿಯೇಟರ್, ಎಕ್ಸ್‌ರೇ, ಲ್ಯಾಬು ಎಲ್ಲದರ ಬಿಲ್ಲು ಸರ್ಕಾರಕ್ಕೆ ಹೋಗುತ್ತಿತ್ತು. ಕಡಿಮೆ ಬಿದ್ದಿದ್ದನ್ನು ತೆರಿಗೆ ಹಣದಿಂದ ತುಂಬಿದರು. ಡಾಕ್ಟರ ಫೀಸು ಮಾತ್ರ ಇದರಲ್ಲಿ ಸೇರಿರಲಿಲ್ಲ.

ನಮ್ಮ ಯಶಸ್ವಿನಿ 2003ರಲ್ಲಿ ಜಾರಿಗೆ ಬಂತು. ಸಹಕಾರ ಸಂಘದ ಸದಸ್ಯರಿಗೆ, ಆಗ ತಿಂಗಳಿಗೆ 5 ರೂಪಾಯಿ ಲೆಕ್ಕದಲ್ಲಿ, ಗೊತ್ತುಪಡಿಸಿದ ಆಪರೇಷನ್‌ಗಳಿಗೆ. ಬೇಕಾದವರು ಸೇರಬಹುದು, ಬೇಡದವರು ಬಿಡಬಹುದು. ಸಸ್ಕ್ಯಾಚುವಾನ್‌ನಲ್ಲಿ ಆ ಆಯ್ಕೆಯೇ ಇರಲಿಲ್ಲ. ಎಲ್ಲರೂ ಕಟ್ಟಲೇಬೇಕು.

ಯಾಕೆ ಕಡ್ಡಾಯ? ಇಷ್ಟಪಟ್ಟವರು ಸೇರಿ ಅಂದರೆ ಕಾಯಿಲೆ ಬಿದ್ದವರೇ ಓಡಿ ಬರುತ್ತಾರೆ. ಗಟ್ಟಿಮುಟ್ಟಾಗಿರುವವರು ನಮಗ್ಯಾಕೆ ಅಂತ ಹೊರಗೆ ನಿಲ್ಲುತ್ತಾರೆ. ಖರ್ಚು ಏರುತ್ತೆ, ಕಂತು ಏರುತ್ತೆ, ಇನ್ನಷ್ಟು ಜನ ಬಿಡ್ತಾರೆ. ಊರಹಬ್ಬಕ್ಕೆ ಮನೆಗಿಷ್ಟು ಅಂತ ಚಂದಾ ಎತ್ತುವಾಗ ಊಟಕ್ಕೆ ಬರೋರು ಮಾತ್ರ ಕೊಡಿ ಅಂದ ಹಾಗೆ. ಎಲ್ಲರೂ ಒಳಗಿದ್ದರೆ ತಲೆ ಮೇಲಿನ ಭಾರ ಕಡಿಮೆ. ಪರೀಕ್ಷೆಯಲ್ಲಿ ಈ ಒಂದು ಅಂಶ ಸರಿಯಾಗಿ ಬರೆದರೆ ಸಾಕು.

ಡಾಕ್ಟರ ಫೀಸು ಸೇರಿಸಲು 15 ವರ್ಷ ಯಾಕೆ ಬೇಕಾಯ್ತು?

ದುಡ್ಡು ಇರಲಿಲ್ಲ, ಅಷ್ಟೇ. 1957ರಲ್ಲಿ ಕೇಂದ್ರ ಸರ್ಕಾರ ಕಾನೂನು ಮಾಡಿ, ಪ್ರಾಂತ್ಯಗಳ ಆಸ್ಪತ್ರೆ ಖರ್ಚಿನಲ್ಲಿ ಸುಮಾರು ಅರ್ಧ ಕೊಡಲು ಒಪ್ಪಿತು. ಅಲ್ಲಿಯವರೆಗೆ ಪೂರ್ತಿ ಭಾರ ಹೊತ್ತಿದ್ದ ಸಸ್ಕ್ಯಾಚುವಾನ್‌ಗೆ ಕೈಯಲ್ಲಿ ಒಂದಿಷ್ಟು ಉಳಿಯಿತು. 1959ರಲ್ಲಿ ಡಗ್ಲಸ್ ಡಾಕ್ಟರ ಫೀಸಿನ ಯೋಜನೆ ಘೋಷಿಸಿದರು. 1960ರ ಚುನಾವಣೆ ಅದೊಂದೇ ವಿಷಯದ ಮೇಲೆ ನಡೆಯಿತು ಅಂದರೂ ನಡೆಯುತ್ತೆ. ವೈದ್ಯರ ಸಂಘ ಚಂದಾ ಎತ್ತಿ ವಿರುದ್ಧ ಪ್ರಚಾರ ಮಾಡಿತು. ಸಿಸಿಎಫ್ ಗೆದ್ದಿತು.

ಡಾಕ್ಟರುಗಳು ಮುಷ್ಕರ ಮಾಡಿದ್ದು ನಿಜಾನಾ?

ನಿಜ. 1962ರ ಜುಲೈ 1ರಂದು ಯೋಜನೆ ಜಾರಿಗೆ ಬಂತು. ಅವತ್ತೇ ಪ್ರಾಂತ್ಯದ ಬಹುಪಾಲು ಡಾಕ್ಟರು ಕ್ಲಿನಿಕ್ಕಿಗೆ ಬೀಗ ಹಾಕಿದರು. ತುರ್ತು ಚಿಕಿತ್ಸೆ ಮಾತ್ರ ಕೆಲವು ಆಸ್ಪತ್ರೆಗಳಲ್ಲಿ ಇಟ್ಟಿದ್ದರು. ಡಗ್ಲಸ್ ಅಷ್ಟರಲ್ಲಿ ರಾಷ್ಟ್ರ ರಾಜಕಾರಣಕ್ಕೆ ಹೋಗಿ ಆಗಿತ್ತು. ಪೆಟ್ಟು ತಿಂದವರು ಮುಂದಿನ ಪ್ರೀಮಿಯರ್ ವುಡ್ರೋ ಲಾಯ್ಡ್, ಮೊದಲು ಮೇಷ್ಟ್ರಾಗಿದ್ದವರು. ಡಗ್ಲಸ್‌ಗೆ ಸಿಕ್ಕ ಹೆಸರಿನಲ್ಲಿ ಅರ್ಧ ಈ ಲಾಯ್ಡ್‌ಗೆ ಸಲ್ಲಬೇಕು ಅಂತ ನನ್ನ ಅಭಿಪ್ರಾಯ.

ಸರ್ಕಾರ ಬ್ರಿಟನ್ನಿನಿಂದ ಡಾಕ್ಟರುಗಳನ್ನು ಕರೆಸಿತು. ಊರ ಜನ ಸೇರಿ ಸಹಕಾರಿ ಕ್ಲಿನಿಕ್‌ಗಳನ್ನು ತೆರೆದರು. ಯೋಜನೆಯ ವಿರುದ್ಧ ಪ್ರಾಂತ್ಯದ ರಾಜಧಾನಿ ರಿಜೈನಾದ ವಿಧಾನಸಭೆ ಮುಂದೆ ದೊಡ್ಡ ರ್‍ಯಾಲಿ ಕರೆದರು. ಅಂದುಕೊಂಡಷ್ಟು ಜನ ಬರಲಿಲ್ಲ. ಆ ವಿರೋಧಿಗಳ ಸಾಲಿನಲ್ಲಿ ಬೆಂಕಿ ಕಾರಿದವರು ಯಾರು ಗೊತ್ತಾ? ಆಥೋಲ್ ಮರ್ರೆ ಅನ್ನುವ ಕ್ಯಾಥೊಲಿಕ್ ಫಾದರ್. ಪಾದ್ರಿಗಳು ರಾಜಕೀಯಕ್ಕೆ ಬಂದರೆ ಬಡವರ ಪರವೇ ಇರ್ತಾರೆ ಅಂತ ಬರೆಯುವ ಹುಡುಗರು ಇದನ್ನು ಗಮನಿಸಬೇಕು.

ಬ್ರಿಟನ್ನಿನ ಲಾರ್ಡ್ ಟೇಲರ್ ಅನ್ನುವ ಡಾಕ್ಟರು ನಡುವೆ ನಿಂತು ರಾಜಿ ಮಾಡಿಸಿದರು. ಜುಲೈ 23ಕ್ಕೆ ಸಹಿ ಬಿತ್ತು. ಡಾಕ್ಟರು ಸರ್ಕಾರಿ ನೌಕರರಾಗಲಿಲ್ಲ. ತಮ್ಮ ಕ್ಲಿನಿಕ್ ತಾವೇ ಇಟ್ಟುಕೊಂಡು, ನೋಡಿದ ರೋಗಿಗೆ ಇಷ್ಟು ಅಂತ ಫೀಸು ಪಡೆಯುವ ಪದ್ಧತಿ ಉಳಿಯಿತು.

ಪ್ರಾಂತ್ಯದ ಯೋಜನೆ ದೇಶದ್ದಾಗಿದ್ದು ಹೇಗೆ? ಇವರು ಪ್ರಧಾನಿ ಆಗಲಿಲ್ವಲ್ಲ?

1962ರಲ್ಲಿ ರಾಷ್ಟ್ರೀಯ ನಾಯಕನಾಗಿ ಮೊದಲ ಚುನಾವಣೆ. ರಿಜೈನಾದಲ್ಲಿ ಸ್ವತಃ ಡಗ್ಲಸ್ ಸೋತರು! ಡಾಕ್ಟರ ಗಲಾಟೆಯ ಬಿಸಿ. ಅದೇ ವರ್ಷ ಬ್ರಿಟಿಷ್ ಕೊಲಂಬಿಯಾದ ಉಪಚುನಾವಣೆಯಲ್ಲಿ ಗೆದ್ದು ಬಂದರು. ಅವರ ಕಾಲದಲ್ಲಿ ಎನ್‌ಡಿಪಿಗೆ ಸಿಕ್ಕ ಸೀಟು 20ರ ಆಚೀಚೆ.

ಆದರೆ ಪ್ರಧಾನಿ ಲೆಸ್ಟರ್ ಪಿಯರ್ಸನ್ ಸರ್ಕಾರಕ್ಕೆ ಬಹುಮತ ಇರಲಿಲ್ಲ. ಎನ್‌ಡಿಪಿ ಬೆಂಬಲ ಬೇಕಿತ್ತು. 1964ರಲ್ಲಿ ನ್ಯಾಯಮೂರ್ತಿ ಎಮ್ಮೆಟ್ ಹಾಲ್ ಆಯೋಗ ಸಸ್ಕ್ಯಾಚುವಾನ್ ಮಾದರಿಯನ್ನು ಇಡೀ ದೇಶಕ್ಕೆ ಶಿಫಾರಸು ಮಾಡಿತು. ಹಾಲ್ ಅವರನ್ನು ನೇಮಿಸಿದ್ದು ಕನ್ಸರ್ವೇಟಿವ್ ಪ್ರಧಾನಿ ಡೀಫೆನ್‌ಬೇಕರ್ ಅನ್ನುವುದು ತಮಾಷೆ. 1966ರಲ್ಲಿ ಕಾಯ್ದೆ ಬಂತು, 1968ರಲ್ಲಿ ಜಾರಿಯಾಯಿತು, 1972ರ ಹೊತ್ತಿಗೆ ಎಲ್ಲ ಪ್ರಾಂತ್ಯಗಳೂ ಸೇರಿದವು. ಒಂದು ರಾಜ್ಯ ಮಾಡಿ ತೋರಿಸಿದ್ದನ್ನು ಕೇಂದ್ರ ಎತ್ತಿಕೊಂಡಿತು.

ಅವರಲ್ಲಿ ತಪ್ಪೇ ಇರಲಿಲ್ವಾ?

ಇತ್ತು, ದೊಡ್ಡದೇ. 1933ರಲ್ಲಿ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯಕ್ಕೆ ಬರೆದ ಎಂ.ಎ. ಪ್ರಬಂಧದಲ್ಲಿ, ಬುದ್ಧಿ ಕಡಿಮೆ ಇದೆ ಅಂತ ಎಣಿಸಿದ ಬಡವರಿಗೆ ಮಕ್ಕಳಾಗದಂತೆ ಆಪರೇಷನ್ ಮಾಡಿಸಬೇಕು, ಅವರನ್ನು ಬೇರೆ ಇಡಬೇಕು ಅಂತ ವಾದಿಸಿದ್ದರು. ಓದಿದರೆ ಮೈ ಉರಿಯುತ್ತೆ. ಆ ಕಾಲದಲ್ಲಿ ಬಹಳ ಜನ ಹಾಗೇ ಯೋಚಿಸುತ್ತಿದ್ದರು ಅನ್ನುವುದು ನಿಜ, ಅದು ನೆಪ ಆಗೋದಿಲ್ಲ. 1936ರಲ್ಲಿ ಜರ್ಮನಿಗೆ ಹೋಗಿ ನಾಜಿಗಳ ಆಳ್ವಿಕೆ ನೋಡಿ ಬಂದರು. ಅಧಿಕಾರ ಕೈಗೆ ಬಂದಾಗ, ಆರೋಗ್ಯ ಖಾತೆ ತಮ್ಮ ಹತ್ತಿರವೇ ಇದ್ದಾಗ, ಅಂಥ ಕಾನೂನು ತರಲಿಲ್ಲ.

ಇನ್ನೊಂದು ಕಡೆಯನ್ನೂ ಹೇಳಬೇಕು. 1970ರಲ್ಲಿ ಕ್ವಿಬೆಕ್ ಪ್ರಾಂತ್ಯದ ಉಗ್ರರು ಅಪಹರಣ ನಡೆಸಿದಾಗ ಪ್ರಧಾನಿ ಪಿಯರ್ ಟ್ರುಡೊ ಸರ್ಕಾರ ವಾರಂಟ್ ಇಲ್ಲದೆ ಬಂಧಿಸುವ ಯುದ್ಧಕಾಲದ ಕಾಯ್ದೆ ಹಾಕಿತು. ದೇಶವೆಲ್ಲ ಸೈ ಅಂದಾಗ ಡಗ್ಲಸ್ ವಿರೋಧಿಸಿದರು. ಜನ ಬೈದರು. ನಮ್ಮ ತುರ್ತು ಪರಿಸ್ಥಿತಿ ಓದಿದವರಿಗೆ ಆ ವಿರೋಧದ ಬೆಲೆ ಗೊತ್ತಾಗುತ್ತೆ.

ನಮ್ಮಲ್ಲಿ ಪಾದ್ರಿಯೋ ಸ್ವಾಮೀಜಿಯೋ ಎಲೆಕ್ಷನ್‌ಗೆ ನಿಲ್ಲಬಹುದಾ?

ನಿಲ್ಲಬಹುದು. ಸಂವಿಧಾನದಲ್ಲಿ ಅಡ್ಡಿ ಇಲ್ಲ. ಆದರೆ 1951ರ ಜನಪ್ರಾತಿನಿಧ್ಯ ಕಾಯ್ದೆಯ 123ನೇ ಸೆಕ್ಷನ್ ಪ್ರಕಾರ ಧರ್ಮ, ಜಾತಿ, ಭಾಷೆಯ ಹೆಸರಲ್ಲಿ ವೋಟು ಕೇಳುವುದು ಭ್ರಷ್ಟಾಚಾರ. ವೋಟು ಹಾಕದಿದ್ದರೆ ದೇವರ ಶಾಪ ತಟ್ಟುತ್ತೆ ಅಂತ ಹೆದರಿಸುವುದೂ ಅದೇ ಸೆಕ್ಷನ್ನಿಗೆ ಬರುತ್ತೆ. 2017ರಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಮತದಾರನ ಧರ್ಮದ ಹೆಸರಲ್ಲೂ ಕೇಳುವಂತಿಲ್ಲ ಅಂತ 4:3ರಲ್ಲಿ ಹೇಳಿತು. 1988ರ ಇನ್ನೊಂದು ಕಾಯ್ದೆ ಗುಡಿ, ಮಸೀದಿ, ಚರ್ಚು, ಮಠದ ಆವರಣವನ್ನು ರಾಜಕೀಯಕ್ಕೆ ಬಳಸಬಾರದು ಅನ್ನುತ್ತೆ. ಪಾಲನೆ ಎಷ್ಟಿದೆ ಅಂತ ನನ್ನನ್ನು ಕೇಳಬೇಡಿ.

ಕ್ಯಾಥೊಲಿಕ್ ಫಾದರ್‌ಗಳಿಗೆ ಅವರ ಚರ್ಚಿನ ಕಾನೂನೇ ಆಳುವ ಹುದ್ದೆ ಬೇಡ ಅನ್ನುತ್ತೆ. ಬ್ರಿಟನ್ನಿನಲ್ಲಿ ಆಂಗ್ಲಿಕನ್ ಪಾದ್ರಿಗಳು ಹೌಸ್ ಆಫ್ ಕಾಮನ್ಸ್‌ಗೆ ಬರುವಂತಿರಲಿಲ್ಲ, 2001ರಲ್ಲಿ ಆ ತಡೆ ತೆಗೆದರು.

ಸಂವಿಧಾನ ಸಭೆಯಲ್ಲಿ ಪಾದ್ರಿಗಳು ಇದ್ರಾ?

ಇದ್ದರು. ಮಂಗಳೂರಿನಲ್ಲಿ ಹುಟ್ಟಿದ ಜೆಸ್ಯೂಟ್ ಫಾದರ್ ಜೆರೋಮ್ ಡಿಸೋಜಾ ಮದ್ರಾಸಿನಿಂದ ಬಂದಿದ್ದರು. ಅಸ್ಸಾಮಿನಿಂದ ರೆವರೆಂಡ್ ನಿಕೋಲ್ಸ್ ರಾಯ್. ಗುಡ್ಡಗಾಡು ಜಿಲ್ಲೆಗಳ ಸ್ವಾಯತ್ತತೆಯ ಆರನೇ ಅನುಸೂಚಿ ಹಿಂದೆ ಅವರ ದುಡಿಮೆ ಬಹಳ ಇದೆ.

ಬೇರೆ ದೇಶಗಳಲ್ಲಿ?

ಸೈಪ್ರಸ್‌ನ ಮೊದಲ ಅಧ್ಯಕ್ಷ ಮಕಾರಿಯೋಸ್ ಆರ್ಚ್‌ಬಿಷಪ್. ವನೌಟುವಿನ ಮೊದಲ ಪ್ರಧಾನಿ ವಾಲ್ಟರ್ ಲಿನಿ ಆಂಗ್ಲಿಕನ್ ಪಾದ್ರಿ. 2012ರಿಂದ 2017ರವರೆಗೆ ಜರ್ಮನಿಯ ಅಧ್ಯಕ್ಷರಾಗಿದ್ದ ಗೌಕ್ ಲುಥೆರನ್ ಪಾದ್ರಿ. ಸ್ಲೊವಾಕಿಯಾದ ಟಿಸೊ ಕೂಡ ಪಾದ್ರಿಯೇ. ಹಿಟ್ಲರನ ಜೊತೆ ಸೇರಿ ಯಹೂದಿಗಳನ್ನು ಸಾವಿಗೆ ಸಾಗಿಸಿದ ಸರ್ಕಾರದ ಅಧ್ಯಕ್ಷ, 1947ರಲ್ಲಿ ನೇಣಿಗೇರಿಸಿದರು.

ಸಿದ್ಧಗಂಗೆಯ ದೊಡ್ಡ ಸ್ವಾಮೀಜಿ ಎಲೆಕ್ಷನ್‌ಗೆ ನಿಲ್ಲದೇನೇ ಅಷ್ಟೆಲ್ಲ ಮಾಡಲಿಲ್ವಾ?

ತುಮಕೂರಿನಲ್ಲಿ ಈ ಪ್ರಶ್ನೆ ಬರದ ದಿನವೇ ಇಲ್ಲ. ಬರಬೇಕಾದ್ದೇ. ಶಿವಕುಮಾರ ಸ್ವಾಮೀಜಿ 2019ರಲ್ಲಿ ಲಿಂಗೈಕ್ಯರಾಗುವವರೆಗೆ ಸಾವಿರಾರು ಬಡ ಮಕ್ಕಳಿಗೆ ಅನ್ನ, ಅಕ್ಷರ, ಆಸರೆ ಕೊಟ್ಟರು. ಮಕ್ಕಳ ಜಾತಿ, ಧರ್ಮ ನೋಡಲಿಲ್ಲ. ಎಲ್ಲ ಪಕ್ಷದವರೂ ಅವರ ಕಾಲಿಗೆ ಬಿದ್ದರು, ಅವರು ಯಾರ ಟಿಕೆಟ್ಟೂ ತೊಗೊಳ್ಳಲಿಲ್ಲ.

ಡಗ್ಲಸ್ ದಾರಿ ಬೇರೆ. ದಾಸೋಹ ನಡೆಯುವುದು ಭಕ್ತರ ಮನಸ್ಸಿನಿಂದ. ಅದಕ್ಕೆ ಅದರದ್ದೇ ಘನತೆ ಇದೆ. ತೆರಿಗೆ ಹಾಕುವ, ಎಲ್ಲರಿಂದ ಕಂತು ವಸೂಲು ಮಾಡುವ ಅಧಿಕಾರ ಮಠಕ್ಕೂ ಇಲ್ಲ, ಚರ್ಚಿಗೂ ಇಲ್ಲ. ಇಡೀ ಪ್ರಾಂತ್ಯದ ಡಾಕ್ಟರ ಬಿಲ್ಲು ಕಟ್ಟಬೇಕಾದರೆ ಸರ್ಕಾರವೇ ಬೇಕಿತ್ತು. ಆ ಕೆಲಸಕ್ಕೆ ಅವರು ಪೀಠ ಬಿಟ್ಟು ಹೋದರು. ಪೀಠದಲ್ಲಿ ಕೂತೇ ಯಾರನ್ನೋ ಗೆಲ್ಲಿಸುವುದು, ಸೋಲಿಸುವುದು ಮಾಡಲಿಲ್ಲ. ನನಗೆ ಅವರಲ್ಲಿ ಹಿಡಿಸಿದ್ದು ಇದು. ಎರಡು ದೋಣಿಯಲ್ಲಿ ಕಾಲಿಡುವವರ ಬಗ್ಗೆ ನನಗೆ ತಕರಾರಿದೆ, ಯಾವ ಧರ್ಮದವರಾದರೂ ಸರಿ.

ಕೊನೆಗಾಲ ಹೇಗಿತ್ತು?

1971ರಲ್ಲಿ ನಾಯಕತ್ವ ಬಿಟ್ಟರು, 1979ರವರೆಗೆ ಸಂಸದರಾಗಿದ್ದರು. 1986ರ ಫೆಬ್ರವರಿ 24ರಂದು ಒಟ್ಟಾವಾದಲ್ಲಿ ತೀರಿಕೊಂಡರು. ಪೊಲೀಸ್ ಗುಪ್ತಚರರು ಅವರ ಮೇಲೆ ದಶಕಗಟ್ಟಲೆ ಕಣ್ಣಿಟ್ಟು ದಪ್ಪನೆ ಫೈಲು ಮಾಡಿದ್ದು ಅವರು ಹೋದ ಮೇಲೆ ಹೊರಬಂತು.

ಹಾಲಿವುಡ್ ನಟ ಕೀಫರ್ ಸದರ್ಲ್ಯಾಂಡ್ ಇವರ ಮೊಮ್ಮಗ ಅಂತಾರಲ್ಲ?

ಹೌದು, ಮಗಳ ಮಗ. ಮಗಳು ಶರ್ಲಿ ಡಗ್ಲಸ್ ಕೂಡ ನಟಿ, ಅಪ್ಪನ ಆರೋಗ್ಯ ಯೋಜನೆ ಉಳಿಸಿಕೊಳ್ಳಿ ಅಂತ ಕೊನೆವರೆಗೂ ಹೋರಾಡಿದವರು. ಪರೀಕ್ಷೆಗೆ ಇದು ಬರೋದಿಲ್ಲ.